ಅಂಗಡಿ ಮುಚ್ಚಿದ ಮೇಲೂ ಉರಿಯುವ ಲೈಟು: ದಂಡವಾ, ದರವಾ, ಟೈಮರಾ?

ರಾತ್ರಿ ಹನ್ನೊಂದೂವರೆ ಹೊತ್ತಿಗೆ ಮಂಗಳೂರಿನ ಹಂಪನಕಟ್ಟೆಯಿಂದ ಕೆ.ಎಸ್. ರಾವ್ ರಸ್ತೆ ಹಿಡಿದು ನಡೆದರೆ ಶಟರ್‌ಗಳೆಲ್ಲ ಕೆಳಗೆ ಬಿದ್ದಿರುತ್ತವೆ, ಬೋರ್ಡುಗಳೆಲ್ಲ ಮೇಲೆ ಉರಿಯುತ್ತಿರುತ್ತವೆ. ಉಡುಪಿಯ ಕಲ್ಸಂಕದಲ್ಲೂ ಅದೇ ಕಥೆ. ನೋಡುವುದಕ್ಕೆ ಬೀದಿನಾಯಿ ಬಿಟ್ಟರೆ ಯಾರೂ ಇರುವುದಿಲ್ಲ.

ಇದಕ್ಕೆ ಪಾಲಿಕೆ ದಂಡ ಹಾಕಬೇಕಾ ಅನ್ನುವ ಮಾತು ವಾರ್ಡ್ ಸಭೆಯಲ್ಲೋ ವರ್ತಕರ ವಾಟ್ಸಾಪ್ ಗುಂಪಿನಲ್ಲೋ ಬಂದರೆ ಎರಡೇ ಉತ್ತರ ಕೇಳಿಸುತ್ತದೆ. "ಹಾಕಿ ಐದು ಸಾವಿರ, ಆಗ ಬುದ್ಧಿ ಬರ್ತದೆ" ಅನ್ನುವವರು ಒಂದು ಕಡೆ. "ಬಿಲ್ಲು ಕಟ್ಟುವುದು ನಾನು, ನಿಮಗೆಂತ ತೊಂದರೆ ಮಾರ್ರೆ" ಅನ್ನುವವರು ಇನ್ನೊಂದು ಕಡೆ. ನಡುವೆ ಇರುವವರಿಗೆ, ಅಂದರೆ ಕೈ ಎತ್ತಬೇಕಾ ಬೇಡವಾ ಎಂದು ಗೊತ್ತಾಗದೆ ಕೂತವರಿಗೆ, ಈ ಬರಹ. ದಂಡ ಒಂದೇ ದಾರಿ ಅಲ್ಲ. ನಾಲ್ಕು ದಾರಿ ಉಂಟು, ಒಂದೊಂದಕ್ಕೂ ಒಂದೊಂದು ತೊಡಕು ಉಂಟು.

ಮೊದಲೇ ಹೇಳಿಬಿಡುತ್ತೇನೆ, ಮನೆಗಳನ್ನು ಇದರಲ್ಲಿ ಸೇರಿಸಿಲ್ಲ. ಮನೆಯ ಮೆಟ್ಟಿಲ ಲೈಟು ರಾತ್ರಿಯೆಲ್ಲ ಉರಿದರೆ ಅದು ಅವರ ಇಷ್ಟ, ಅವರ ಭಯ. ಇಲ್ಲಿ ಮಾತು ಅಂಗಡಿ ಬೋರ್ಡು, ಶೋಕೇಸು, ಹೋರ್ಡಿಂಗು, ಕಟ್ಟಡದ ಮುಖಕ್ಕೆ ಬಿಡುವ ಬಣ್ಣದ ಲೈಟು, ಯಾರೂ ಇಲ್ಲದ ಆಫೀಸಿನ ಮಹಡಿ, ಆಮೇಲೆ ಹಗಲಲ್ಲೂ ಉರಿಯುವ ಬೀದಿದೀಪ ಇವುಗಳದ್ದು.

ಯಾವುದನ್ನು ನೋಡಿ ಅಳೆಯಬೇಕು

ಮೊದಲನೆಯದು ಯೂನಿಟ್. ಸಿಟ್ಟಿನಲ್ಲಿ ಲೆಕ್ಕ ಮರೆತುಹೋಗುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡುವ.

ಒಂದು ದೊಡ್ಡ ಬಟ್ಟೆ ಅಥವಾ ಚಿನ್ನದ ಅಂಗಡಿ ತೆಗೆದುಕೊಳ್ಳಿ. ಬೋರ್ಡಿನೊಳಗೆ ಒಂದೂವರೆ ವ್ಯಾಟಿನ ಎಲ್‌ಇಡಿ ಮಾಡ್ಯೂಲ್ ಮುನ್ನೂರು ಇದ್ದರೆ 450 ವ್ಯಾಟ್ ಆಯಿತು. ಶೋಕೇಸಿನ ಸ್ಪಾಟ್ ಲೈಟು ಸೇರಿ 700 ವ್ಯಾಟ್ ಅಂತ ಇಟ್ಟುಕೊಳ್ಳಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಎಂಟು ಗಂಟೆ ಉರಿದರೆ ದಿನಕ್ಕೆ 5.6 ಯೂನಿಟ್, ವರ್ಷಕ್ಕೆ 2,044 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 8 ರೂಪಾಯಿ ಹಿಡಿದರೆ ಸುಮಾರು 16,350 ರೂಪಾಯಿ. ನಿಮ್ಮ ಬಿಲ್ಲಿನಲ್ಲಿ ಬೇರೆ ದರ ಇದ್ದರೆ ಅದನ್ನೇ ಹಾಕಿ ಗುಣಿಸಿ.

ಈಗ ಅದೇ ಸಾಲಿನ ಮೂಲೆಯ ಗೂಡಂಗಡಿ. ಬೋರ್ಡಿನ ಒಳಗೆ 20 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್. ಅದೇ ಎಂಟು ಗಂಟೆಗೆ ವರ್ಷಕ್ಕೆ 117 ಯೂನಿಟ್, ಸಾವಿರ ರೂಪಾಯಿಯೂ ಆಗುವುದಿಲ್ಲ.

ಈ ಎರಡು ಲೆಕ್ಕದಲ್ಲೇ ಅರ್ಧ ಉತ್ತರ ಇದೆ. ದೊಡ್ಡ ಅಂಗಡಿಗೆ 16 ಸಾವಿರ ಅಂದರೆ ಒಂದು ಬಳೆಯ ಮಜೂರಿ, ಅದಕ್ಕಾಗಿ ಯಾರೂ ಎದ್ದು ಬಂದು ಸ್ವಿಚ್ ಹುಡುಕುವುದಿಲ್ಲ. ಸಣ್ಣ ಅಂಗಡಿಗೆ ಉಳಿಯುವುದೇ ಕಮ್ಮಿ. ಅಂದರೆ ಬಿಲ್ಲಿನ ಹೆದರಿಕೆ ಇಬ್ಬರಲ್ಲಿ ಯಾರಿಗೂ ಕೆಲಸ ಮಾಡುವುದಿಲ್ಲ. ಹಾಗಂತ ಊರಿಗೆ ಆಗುವ ನಷ್ಟ ಸಣ್ಣದಲ್ಲ, ಅಂಥ ದೊಡ್ಡ ಅಂಗಡಿ ನೂರು ಇದ್ದರೆ ವರ್ಷಕ್ಕೆ ಎರಡು ಲಕ್ಷ ಯೂನಿಟ್ ಮೀರುತ್ತದೆ. ದೇಶದ ಗ್ರಿಡ್ಡಿನಲ್ಲಿ ಯೂನಿಟ್‌ಗೆ ಸರಾಸರಿ 0.7 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಒಂದೇ ದೊಡ್ಡ ಬೋರ್ಡು ಸುಮಾರು 1,400 ಕಿಲೋ.

ನಮ್ಮ ಕರಾವಳಿಯವರಿಗೆ ಇದು ದೂರದ ಮಾತಲ್ಲ. ಪಡುಬಿದ್ರಿ ಹತ್ತಿರ ಎಲ್ಲೂರಿನಲ್ಲಿ 600 ಮೆಗಾವ್ಯಾಟಿನ ಎರಡು ಘಟಕ ಇರುವ ಕಲ್ಲಿದ್ದಲು ಸ್ಥಾವರ ಉಂಟು. ನವಮಂಗಳೂರು ಬಂದರಿಗೆ ಹಡಗಿನಲ್ಲಿ ಬಂದ ವಿದೇಶಿ ಕಲ್ಲಿದ್ದಲು ಅಲ್ಲಿ ಉರಿಯುತ್ತದೆ. ಸುತ್ತಲಿನ ಊರವರು ಬೂದಿಯ ಬಗ್ಗೆ ಎಷ್ಟು ವರ್ಷದಿಂದ ದೂರುತ್ತಿದ್ದಾರೆ ಅಂತ ಪತ್ರಿಕೆ ಓದುವವರಿಗೆ ಗೊತ್ತು. ಇನ್ನೊಂದು ಕಡೆ ಕುಂದಾಪುರದ ಆಚೆ ಘಟ್ಟದ ಬುಡದಲ್ಲಿ 460 ಮೆಗಾವ್ಯಾಟಿನ ವಾರಾಹಿ ಭೂಗರ್ಭ ವಿದ್ಯುದಾಗಾರ. ಅದಕ್ಕೆ ಮಾಣಿ ಅಣೆಕಟ್ಟಿನ ನೀರು. ರಾತ್ರಿ ಬಿಡದೆ ಉಳಿದ ನೀರು ಮಾರನೇ ದಿನ ಸಂಜೆ ಏಳು ಗಂಟೆಗೆ, ಎಲ್ಲರಿಗೂ ಕರೆಂಟ್ ಬೇಕಾದಾಗ, ಉಪಯೋಗಕ್ಕೆ ಬರುತ್ತದೆ. ಮಳೆ ಕೈಕೊಟ್ಟ 2023ರಲ್ಲಿ ರಾಜ್ಯದಲ್ಲಿ ಲೋಡ್ ಶೆಡ್ಡಿಂಗ್ ಆದಾಗ ಇದರ ಬೆಲೆ ಗೊತ್ತಾಯಿತು.

ಎರಡನೇ ಅಳತೆ: ರಾತ್ರಿ ಹನ್ನೊಂದಕ್ಕೆ ಯಾರು ನೋಡುತ್ತಾರೆ? ನಿಯಮ ಬರೆಯುವುದು ಸುಲಭ. ಪರಿಶೀಲನೆಗೆ ಜನ ಬೇಕು, ಜೀಪು ಬೇಕು, ಓಟಿ ಕೊಡಬೇಕು. ಹಗಲಲ್ಲೇ ಕಸ ಎಸೆಯುವವರನ್ನು ಹಿಡಿಯಲು ಜನ ಸಾಲದ ಊರುಗಳಲ್ಲಿ ರಾತ್ರಿ ಬೋರ್ಡ್ ಎಣಿಸಲು ಯಾರು ಹೋಗುತ್ತಾರೆ, ಅಲ್ವಾ?

ಮೂರನೆಯದು, ಪೆಟ್ಟು ಯಾರಿಗೆ ಬೀಳುತ್ತದೆ. ಎಲ್ಲರಿಗೂ ಒಂದೇ ದಂಡ ಅಂದರೆ ಗೂಡಂಗಡಿಯವನ ವರ್ಷದ ಉಳಿತಾಯಕ್ಕಿಂತ ದಂಡವೇ ಜಾಸ್ತಿಯಾಗುತ್ತದೆ. ಚಿನ್ನದ ಅಂಗಡಿ ಅದನ್ನು ಲೆಕ್ಕಕ್ಕೇ ಇಡುವುದಿಲ್ಲ.

ನಾಲ್ಕನೆಯದು ಭದ್ರತೆ. ಇದನ್ನು ತಮಾಷೆ ಮಾಡಬೇಡಿ. ಕಳ್ಳತನ ಆದ ಬೀದಿಯಲ್ಲಿ ಲೈಟ್ ಆರಿಸಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಭದ್ರತೆಗೆ ಎಷ್ಟು ಬೆಳಕು ಬೇಕು? ಶಟರಿನ ಮೇಲೆ 9 ವ್ಯಾಟಿನ ಒಂದು ಬಲ್ಬು ಸಾಕು. ಈಗಿನ ಸಿಸಿಟಿವಿ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇನ್‌ಫ್ರಾರೆಡ್ ಇರುತ್ತದೆ, ಕತ್ತಲಲ್ಲೂ ಕಾಣುತ್ತದೆ. ಯಾರಾದರೂ ಹತ್ತಿರ ಬಂದಾಗ ಮಾತ್ರ ಹೊತ್ತಿಕೊಳ್ಳುವ ಸೆನ್ಸರ್ ಲೈಟು ಇನ್ನೂ ಒಳ್ಳೆಯದು, ಆರಿದ್ದ ಲೈಟು ಥಟ್ಟನೆ ಹೊತ್ತಿದರೆ ಎದುರಿನ ಮಹಡಿಯಲ್ಲಿ ಮಲಗಿದವರೂ ತಿರುಗಿ ನೋಡುತ್ತಾರೆ. ಇಪ್ಪತ್ತು ಅಡಿ ಎತ್ತರದಲ್ಲಿ ಅಂಗಡಿಯ ಹೆಸರು ಹೊಳೆಯುವುದಕ್ಕೂ ಬೀಗ ಉಳಿಯುವುದಕ್ಕೂ ಸಂಬಂಧ ಇಲ್ಲ.

ಕೊನೆಯದು ನಮ್ಮ ಕರಾವಳಿಯ ರಾತ್ರಿ. ಇಲ್ಲಿ ರಾತ್ರಿ ಅಂದರೆ ಬರೀ ನಿದ್ದೆ ಅಲ್ಲ. ನೇಮ, ಕೋಲ, ಬಯಲಾಟ, ಹೊನಲು ಬೆಳಕಿನ ಕಂಬಳ, ಕುದ್ರೋಳಿಯ ದಸರಾ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಉಡುಪಿಯ ಪರ್ಯಾಯ, ಡಿಸೆಂಬರಿನ ನಕ್ಷತ್ರ ದೀಪ. ಮಲ್ಪೆಯ ಬಂದರು, ಮಂಗಳೂರಿನ ಮೀನುಗಾರಿಕೆಯ ದಕ್ಕೆ ನಸುಕಿಗೂ ಮುಂಚೆ ಎದ್ದಿರುತ್ತವೆ. ಮಣಿಪಾಲದಲ್ಲಿ ಮಧ್ಯರಾತ್ರಿಗೆ ಊಟ ಶುರು ಮಾಡುವವರು ಇದ್ದಾರೆ. ಇದನ್ನು ತಿಳಿಯದೆ ಬರೆದ ನಿಯಮ ಒಂದು ವಾರವೂ ನಿಲ್ಲುವುದಿಲ್ಲ.

ದಾರಿ ಒಂದು: ಸುಮ್ನೆ ಕೇಳಿಕೊಳ್ಳುವುದು

ಇದಕ್ಕೆ ಖರ್ಚಿಲ್ಲ, ಯಾರಿಗೂ ನೋವಿಲ್ಲ. ಬ್ಯಾನರ್ ಕಟ್ಟಿ, ವರ್ತಕರ ಸಂಘಕ್ಕೆ ಪತ್ರ ಬರೆದು, ವರ್ಷಕ್ಕೊಮ್ಮೆ ಮಾರ್ಚಿನಲ್ಲಿ ಒಂದು ಗಂಟೆ ಲೈಟ್ ಆರಿಸಿ ಫೋಟೋ ಹಾಕಿಕೊಳ್ಳಬಹುದು. ಫಲ ಏನು ಅಂತ ನಿಮಗೂ ಗೊತ್ತು.

ಒಂದು ಕಡೆ ಮಾತ್ರ ಇದು ನಡೆಯುತ್ತದೆ: ಎಲ್ಲರಿಗೂ ಎಲ್ಲರ ಮುಖ ಪರಿಚಯ ಇರುವ ಸಣ್ಣ ಬೀದಿಯಲ್ಲಿ. ಉಡುಪಿ ರಥಬೀದಿಯ ಆಸುಪಾಸು, ಮಂಗಳೂರಿನ ಕಾರ್‌ಸ್ಟ್ರೀಟ್, ಹಳೇ ಬಂದರಿನ ಓಣಿಗಳು. ಅಲ್ಲಿ ಒಬ್ಬ ಹಿರಿಯರು ಹೇಳಿದರೆ ನಾಲ್ಕು ಅಂಗಡಿಯವರು ಕೇಳುತ್ತಾರೆ. ಮಾಲಿಕ ಬೆಂಗಳೂರಲ್ಲೋ ದುಬೈಯಲ್ಲೋ ಇದ್ದು, ಇಲ್ಲಿ ಮ್ಯಾನೇಜರ್ ಮಾತ್ರ ಇರುವ ಶೋರೂಮಿಗೆ ಯಾರು ಹೋಗಿ ಹೇಳುವುದು?

ದಾರಿ ಎರಡು: ದಂಡ

ಇದನ್ನು ದೊಡ್ಡದಾಗಿ ಮಾಡಿ ನೋಡಿದ್ದು ಫ್ರಾನ್ಸ್. ಅಲ್ಲಿ 2013ರ ಜುಲೈ 1ರಿಂದ ಅಂಗಡಿಯ ಶೋಕೇಸ್ ಲೈಟು ರಾತ್ರಿ 1ಕ್ಕೆ, ಅಂಗಡಿ ಅದಕ್ಕಿಂತ ತಡವಾಗಿ ಮುಚ್ಚಿದರೆ ಮುಚ್ಚಿದ ಒಂದು ಗಂಟೆಯೊಳಗೆ ಆರಬೇಕು. ಆಫೀಸಿನ ಒಳಗಿನ ಲೈಟು ಕೊನೆಯವನು ಹೊರಟ ಒಂದು ಗಂಟೆಯೊಳಗೆ ಆರಬೇಕು. ತಪ್ಪಿದರೆ 750 ಯೂರೋವರೆಗೆ ದಂಡ. ಇದರಿಂದ ವರ್ಷಕ್ಕೆ ಏಳೂವರೆ ಲಕ್ಷ ಮನೆಗಳು ಬಳಸುವಷ್ಟು ಕರೆಂಟ್ ಉಳಿಯುತ್ತದೆ ಎಂದು ಅಲ್ಲಿನ ಸರ್ಕಾರ ಅಂದಾಜು ಮಾಡಿತ್ತು. ಆಮೇಲೆ 2022ರಲ್ಲಿ ಯೂರೋಪಿನಲ್ಲಿ ಗ್ಯಾಸ್ ಸಂಕಟ ಬಂದಾಗ ಸ್ಪೇನ್ ರಾತ್ರಿ 10ರ ನಂತರ ಶೋಕೇಸ್ ಲೈಟ್ ಆರಿಸಬೇಕು ಅಂದಿತು. ಜರ್ಮನಿ ಸ್ಮಾರಕಗಳ ಅಲಂಕಾರದ ಬೆಳಕು, ಜಾಹೀರಾತಿನ ಬೆಳಕು ಎರಡಕ್ಕೂ ಕೆಲವು ತಿಂಗಳ ಮಟ್ಟಿಗೆ ಮಿತಿ ಹಾಕಿತು.

ನಿಯಮ ಇದ್ದರೂ ಫ್ರಾನ್ಸಿನ ಬೀದಿಗಳಲ್ಲಿ ಲೈಟು ಉರಿಯುತ್ತಲೇ ಇತ್ತು. ಗೋಡೆ ಹತ್ತಿ ಹಾರುವ ಪಾರ್ಕೋರ್ ಹುಡುಗರ ಗುಂಪೊಂದು ಪ್ಯಾರಿಸಿನಲ್ಲಿ ರಾತ್ರಿ ತಿರುಗಿ, ಅಂಗಡಿಗಳ ಹೊರಗೋಡೆಯಲ್ಲಿ ಎತ್ತರಕ್ಕಿರುವ ಸ್ವಿಚ್ಚಿಗೆ ಎಗರಿ, ತಾವೇ ಬೋರ್ಡ್ ಆರಿಸುತ್ತಿದ್ದ ವಿಡಿಯೋಗಳು 2022ರಲ್ಲಿ ಓಡಾಡಿದವು. ನೋಡಲು ಚೆಂದ, ಆದರೆ ಕಾನೂನು ಜಾರಿ ಮಾಡಬೇಕಾದವರು ಮಾಡಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಅಲ್ಲಿನ ನಿಯಮದಲ್ಲಿ ನಮಗೆ ಬೇಕಾದ ಎರಡು ಸಂಗತಿ ಇವೆ. ಹಬ್ಬದ ಮುನ್ನಾದಿನ, ಕ್ರಿಸ್ಮಸ್ ದೀಪ, ಊರಿನ ವಿಶೇಷ ಕಾರ್ಯಕ್ರಮ, ಪ್ರವಾಸಿ ಜಾಗ ಇವಕ್ಕೆ ವಿನಾಯಿತಿ ಕೊಡುವ ಅಧಿಕಾರ ಸ್ಥಳೀಯ ಅಧಿಕಾರಿಗೆ ಇತ್ತು. ದಸರಾ, ಪರ್ಯಾಯ, ಜಾತ್ರೆ ಎಲ್ಲ ಅದೇ ಬಾಗಿಲಿನಿಂದ ಒಳಗೆ ಬರಬಹುದು. ಎರಡನೆಯದು, "ಮುಚ್ಚಿದ ಒಂದು ಗಂಟೆಯೊಳಗೆ" ಅನ್ನುವ ಮಾತು. ಇದು ಬಹಳ ಮುಖ್ಯ. ಕರ್ನಾಟಕದಲ್ಲಿ ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿಗಳಿಗೆ ದಿನದ 24 ಗಂಟೆ ತೆರೆದಿಡಲು 2021ರಲ್ಲಿ ಸರ್ಕಾರ ಅವಕಾಶ ಕೊಟ್ಟಿತು. ಹೀಗಿರುವಾಗ "ರಾತ್ರಿ 10ರ ನಂತರ" ಅಂತ ಗಡಿಯಾರಕ್ಕೆ ಕಟ್ಟಿದ ನಿಯಮ ಬರೆದರೆ ತೆರೆದಿರುವ ಔಷಧಿ ಅಂಗಡಿಗೂ ನೋಟಿಸು ಹೋಗುತ್ತದೆ.

ದಂಡದ ಪರವಾಗಿ ಒಂದು ಮಾತು ಹೇಳಲೇಬೇಕು. ಬಿಲ್ಲು ಮಾಲಿಕನ ಅಕೌಂಟೆಂಟ್ ನೋಡುತ್ತಾನೆ, ನೋಟಿಸನ್ನು ಮಾಲಿಕನೇ ನೋಡುತ್ತಾನೆ. ಐನೂರು ರೂಪಾಯಿಯ ದಂಡವಾದರೂ "ಪಾಲಿಕೆಯಿಂದ ಕಾಗದ ಬಂದಿದೆ" ಅನ್ನುವುದು ಮ್ಯಾನೇಜರನ ತಲೆ ಬಿಸಿ ಮಾಡುತ್ತದೆ. ಆ ಕೆಲಸ ದರ ಏರಿಕೆಯಿಂದ ಆಗುವುದಿಲ್ಲ.

ವಿರುದ್ಧವಾಗಿ ಹೇಳುವುದೂ ಉಂಟು. ಯಾರು ಹಿಡಿಯುತ್ತಾರೆ? ನಾಗರಿಕರು ಫೋಟೋ ತೆಗೆದು ಕಳಿಸಲಿ ಅಂದರೆ ಪಕ್ಕದ ಅಂಗಡಿಯವನ ಮೇಲಿನ ಹಳೇ ಸಿಟ್ಟೆಲ್ಲ ಫೋಟೋ ಆಗಿ ಬರುತ್ತದೆ. ರಾತ್ರಿ ಗಸ್ತಿಗೆ ಅಧಿಕಾರ ಕೊಟ್ಟರೆ ಇನ್ನೊಂದು ಭಯ, ರಸೀದಿ ಇಲ್ಲದ ದಂಡ. ಕರೆಂಟ್ ಕೊಡುವ ಕಂಪನಿ ಮೆಸ್ಕಾಂ ದಂಡ ಹಾಕಲಿ ಅಂತ ಕೆಲವರು ಹೇಳುತ್ತಾರೆ. ಅದು ಸುಲಭ ಇಲ್ಲ. ವಿದ್ಯುತ್ ಕಾಯ್ದೆಯ 135ನೇ ಸೆಕ್ಷನ್ ಕಳ್ಳತನಕ್ಕೆ, 126ನೆಯದು ಅನಧಿಕೃತ ಬಳಕೆಗೆ. ದುಡ್ಡು ಕೊಟ್ಟು ಕೊಂಡ ಕರೆಂಟನ್ನು ಪೋಲು ಮಾಡುವುದು ಇವೆರಡರಲ್ಲೂ ಬರುವುದಿಲ್ಲ. ಹಾಗಾಗಿ ದಂಡ ಬಂದರೆ ಅದು ಪಾಲಿಕೆ ಅಥವಾ ನಗರಸಭೆಯ ಕಡೆಯಿಂದ, ಲೈಸೆನ್ಸ್ ಅಥವಾ ಜಾಹೀರಾತು ನಿಯಮದ ಮೂಲಕವೇ ಬರಬೇಕು.

ದಾರಿ ಮೂರು: ರಾತ್ರಿಯ ದರ ಏರಿಸುವುದು

ಕೇಳಲು ಜಾಣತನದ ದಾರಿ. ಪೊಲೀಸ್ ಬೇಡ, ಗಸ್ತು ಬೇಡ, ಮೀಟರೇ ನೋಡಿಕೊಳ್ಳುತ್ತದೆ. ಎರಡು ಕಾರಣಕ್ಕೆ ಇದನ್ನು ನಾನು ಬೇಗ ಬದಿಗಿಡುತ್ತೇನೆ.

ಒಂದು, ದರ ನಿಗದಿ ಮಾಡುವುದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. ಮಂಗಳೂರು ಪಾಲಿಕೆಗೆ ಅದರಲ್ಲಿ ಕೈ ಇಲ್ಲ, ಉಡುಪಿ ನಗರಸಭೆಗೂ ಇಲ್ಲ. ಮೆಸ್ಕಾಂ ಕೂಡ ಪ್ರಸ್ತಾವ ಇಡಬಹುದು ಅಷ್ಟೇ.

ಎರಡು, ಹೊತ್ತಿಗೆ ತಕ್ಕ ದರ ಈಗಾಗಲೇ ಉಂಟು, ಅದು ನಮಗೆ ಬೇಕಾದ ಕಡೆಗೆ ತಿರುಗಿಲ್ಲ. ರಾಜ್ಯದ ಎಚ್‌ಟಿ ಗ್ರಾಹಕರ (ಹೆಚ್ಚು ವೋಲ್ಟೇಜಿನಲ್ಲಿ ಕರೆಂಟ್ ಪಡೆಯುವ ಕಾರ್ಖಾನೆಯಂಥ ದೊಡ್ಡ ಬಳಕೆದಾರರ) ದರಪಟ್ಟಿಯಲ್ಲಿ ಸಂಜೆ 6ರಿಂದ 10ರವರೆಗೆ ಯೂನಿಟ್‌ಗೆ 1 ರೂಪಾಯಿ ಜಾಸ್ತಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 1 ರೂಪಾಯಿ ಕಡಿಮೆ ಎಂಬ ಲೆಕ್ಕ ಬಹಳ ವರ್ಷ ನಡೆದದ್ದು. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಂದ ತಿದ್ದುಪಡಿಯೂ ಇಂಥದ್ದೇ: ವಾಣಿಜ್ಯ ಬಳಕೆದಾರರಿಗೆ ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ಕನಿಷ್ಠ ಶೇ 20 ಹೆಚ್ಚು ದರ, ಬಿಸಿಲಿನ ಹೊತ್ತಿನಲ್ಲಿ ಕನಿಷ್ಠ ಶೇ 20 ಕಡಿಮೆ. ಗ್ರಿಡ್ಡಿನ ಕಡೆಯಿಂದ ನೋಡಿದರೆ ಇದು ಸರಿಯೇ. ನಡುರಾತ್ರಿ ಬೇಡಿಕೆ ಕಮ್ಮಿ, ಬೈಕಂಪಾಡಿಯ ಕಾರ್ಖಾನೆ ಆಗ ಯಂತ್ರ ಓಡಿಸಿದರೆ ಎಲ್ಲರಿಗೂ ಒಳ್ಳೆಯದು. ಬೋರ್ಡ್ ಆರಿಸಬೇಕು ಅಂತ ಆ ದರವನ್ನು ತಿರುವಿದರೆ ಮಂಜುಗಡ್ಡೆ ಫ್ಯಾಕ್ಟರಿಗೆ ಪೆಟ್ಟು ಬೀಳುತ್ತದೆ, ಅಲ್ಲಿಂದ ಮೀನಿನ ರೇಟಿಗೆ.

ದಾರಿ ನಾಲ್ಕು: ಲೈಸೆನ್ಸಿಗೆ ಟೈಮರ್ ಕಟ್ಟುವುದು

ಇದನ್ನು ಅರ್ಥ ಮಾಡಿಕೊಳ್ಳಲು ಲೈಟು ಯಾಕೆ ಉರಿಯುತ್ತಾ ಉಳಿಯುತ್ತದೆ ಅಂತ ಮೊದಲು ನೋಡಬೇಕು. ಎಲ್ಲರೂ ಅಂದುಕೊಳ್ಳುವುದು ದುಡ್ಡಿನ ಸೊಕ್ಕು ಅಂತ. ಅಂಗಡಿಯ ಒಳಗೆ ಹೋಗಿ ಮೀಟರ್ ಬೋರ್ಡಿನ ಮುಂದೆ ನಿಂತರೆ ಬೇರೆಯೇ ಕಾಣಿಸುತ್ತದೆ. ಸಾಲಾಗಿ ಆರೇಳು ಎಂಸಿಬಿ, ಅಂದರೆ ಒಂದೊಂದು ಲೈನನ್ನು ಆರಿಸುವ ಸ್ವಿಚ್ಚು. ಒಂದಕ್ಕೂ ಚೀಟಿ ಇಲ್ಲ, ಇದ್ದರೂ ಬಾಲ್‌ಪೆನ್ನಿನ ಅಕ್ಷರ ಮಾಸಿ ಹೋಗಿದೆ. ಅಂಗಡಿ ಮಾಡಿದಾಗ ಸೈನ್‌ಬೋರ್ಡಿನವನು ಬಂದು ಹತ್ತಿರದಲ್ಲಿ ಯಾವ ವಯರು ಸಿಕ್ಕಿತೋ ಅದಕ್ಕೆ ಬೋರ್ಡಿನ ಕನೆಕ್ಷನ್ ಕೊಟ್ಟು ಹೋಗಿರುತ್ತಾನೆ. ಅದೇ ಲೈನಿನಲ್ಲಿ ಸಿಸಿಟಿವಿಯ ರೆಕಾರ್ಡರ್, ವೈಫೈ, ಕೆಲವು ಕಡೆ ಐಸ್‌ಕ್ರೀಮಿನ ಫ್ರೀಜರ್. ಬೋರ್ಡ್ ಆರಿಸಿದರೆ ಕ್ಯಾಮೆರಾ ಸಾಯುತ್ತದೆ. ಶಟರ್ ಎಳೆಯುವ ಹುಡುಗನಿಗೆ "ಅದನ್ನು ಮುಟ್ಟಬೇಡ" ಅಂತ ಮೊದಲ ದಿನವೇ ಹೇಳಿರುತ್ತಾರೆ. ಬೇರೆ ಸ್ವಿಚ್ ಇದ್ದರೂ ಅದು ಶಟರಿನ ಒಳಗೆ, ಶೋಕೇಸಿನ ಹಿಂದೆ. ಶಟರ್ ಎಳೆದು ಹೊರಗೆ ಬಂದು ತಲೆ ಎತ್ತಿದಾಗಷ್ಟೇ ಬೋರ್ಡು ಉರಿಯುತ್ತಿದೆ ಅಂತ ಗೊತ್ತಾಗುವುದು. ಕೊನೇ ಬಸ್ಸು ಹಿಡಿಯಬೇಕಾದವನು ಇನ್ನೊಮ್ಮೆ ಬೀಗ ತೆಗೆಯುತ್ತಾನಾ?

ಇದು ವಯರಿಂಗಿನ ಕೆಲಸ. ಇದನ್ನು ಒಂದು ಸಲ ಸರಿ ಮಾಡಿದರೆ ದಿನಾ ರಾತ್ರಿ ಯಾರೂ ನೆನಪು ಇಟ್ಟುಕೊಳ್ಳಬೇಕಾಗಿಲ್ಲ.

ಅಂಗಡಿಗಳು ಟ್ರೇಡ್ ಲೈಸೆನ್ಸ್ ನವೀಕರಿಸಬೇಕು. ಆಗ ಒಂದು ಶರತ್ತು ಸೇರಿಸಲಿ: ಬೋರ್ಡು, ಶೋಕೇಸಿಗೆ ಬೇರೆ ಸರ್ಕ್ಯೂಟ್, ಅದಕ್ಕೆ ಟೈಮರ್, ಲೈಸೆನ್ಸ್ ಪಡೆದ ಎಲೆಕ್ಟ್ರಿಷಿಯನ್ನಿನ ಸಹಿ, ಜೊತೆಗೆ ಫೋಟೋ. ಪರಿಶೀಲನೆ ಹಗಲಲ್ಲಿ, ಮೇಜಿನ ಮೇಲೆ ಮುಗಿಯುತ್ತದೆ. ರಾತ್ರಿ ಯಾರೂ ತಿರುಗಬೇಕಾಗಿಲ್ಲ.

ದೊಡ್ಡ ಕಟ್ಟಡಕ್ಕೆ ಇದು ಹೊಸ ಮಾತೂ ಅಲ್ಲ. ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರ ಅಡಿಯಲ್ಲಿ ಬಂದ ಕಟ್ಟಡ ಸಂಹಿತೆ 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿ ಲೋಡಿನ ವಾಣಿಜ್ಯ ಕಟ್ಟಡಗಳನ್ನು ನೋಡುತ್ತದೆ. 2017ರ ಸಂಹಿತೆಯಲ್ಲಿ ದೊಡ್ಡ ಜಾಗಗಳ ಒಳಗಿನ ಲೈಟಿಗೆ ತಾನಾಗಿ ಆರುವ ವ್ಯವಸ್ಥೆ, ಹೊರಗಿನ ಲೈಟಿಗೆ ಬೆಳಕು ಅಥವಾ ಸಮಯ ನೋಡಿ ಆರುವ ಸ್ವಿಚ್ ಇರಬೇಕು ಅಂತ ಉಂಟು. ಮಾಲ್, ಆಸ್ಪತ್ರೆಯ ಆಡಳಿತ ಬ್ಲಾಕ್, ಐಟಿ ಆಫೀಸಿನ ಮಹಡಿ ಇಂಥವಕ್ಕೆ ಕೇಳಬೇಕಾದದ್ದು ಹೊಸ ದಂಡವನ್ನಲ್ಲ, ಪ್ಲಾನ್ ಪಾಸ್ ಮಾಡುವಾಗ ಈ ಸಂಹಿತೆಯನ್ನು ನೋಡಿ ಅಂತ.

ಈ ದಾರಿಗೂ ತೊಡಕು ಉಂಟು. ಟೈಮರ್ ಹಾಕಿ ಫೋಟೋ ತೆಗೆದು ಮಾರನೇ ದಿನ ಬೈಪಾಸ್ ಮಾಡಬಹುದು. ಮತ್ತೆ ಬಾಡಿಗೆ ಅಂಗಡಿಯಲ್ಲಿ ವಯರಿಂಗ್ ಯಾರು ಬದಲಿಸುವುದು, ಕಟ್ಟಡದ ಮಾಲಿಕನಾ ಬಾಡಿಗೆಯವನಾ ಅನ್ನುವ ಜಗಳ ಖಂಡಿತ. ಲೈಸೆನ್ಸ್ ಇಲ್ಲದೆ ನಡೆಯುವ ಅಂಗಡಿಗಳು ಹೇಗೂ ತಪ್ಪಿಸಿಕೊಳ್ಳುತ್ತವೆ.

ಹಾಗಾದರೆ ಯಾವ ಜಾಗಕ್ಕೆ ಯಾವುದು

ನನ್ನ ಅಭಿಪ್ರಾಯ ಕೇಳಿದರೆ: ನಾಲ್ಕನೇ ದಾರಿ ಎಲ್ಲ ಕಡೆ, ದಂಡ ಕೆಲವು ಕಡೆ ಮಾತ್ರ. ಟೈಮರ್ ಹಾಕಲು ಒಂದು ವರ್ಷ ಸಮಯ ಕೊಟ್ಟ ಮೇಲೆ ದಂಡ. ಅದೂ ಬೋರ್ಡಿನ ಗಾತ್ರ ನೋಡಿ. ನೂರು ವ್ಯಾಟಿನ ಒಳಗಿನ ಬೋರ್ಡನ್ನು ಬಿಟ್ಟುಬಿಡಲಿ, ಅಲ್ಲಿ ಸಿಗುವುದೇನೂ ಇಲ್ಲ, ಗೂಡಂಗಡಿಯವನ ಶಾಪ ಬಿಟ್ಟು.

ದಂಡ ಮೊದಲು ಬೀಳಬೇಕಾದದ್ದು ಹೋರ್ಡಿಂಗಿಗೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಅವು ಲೆಕ್ಕಕ್ಕೆ ಸಿಗುವಷ್ಟೇ ಇವೆ, ಪ್ರತಿಯೊಂದಕ್ಕೂ ಪಾಲಿಕೆಯ ಅನುಮತಿ ಬೇಕು, ನಡೆಸುವುದು ಬೆರಳೆಣಿಕೆಯ ಏಜೆನ್ಸಿಗಳು. ಭದ್ರತೆಯ ನೆಪ ಇಲ್ಲ, ಒಳಗೆ ಕದಿಯಲು ಏನೂ ಇಲ್ಲವಲ್ಲ. ಹಳೇ 400 ವ್ಯಾಟಿನ ಆರು ಮೆಟಲ್ ಹಾಲೈಡ್ ಲೈಟು ಇರುವ ಒಂದು ಹೋರ್ಡಿಂಗ್ ರಾತ್ರಿ 12ರಿಂದ 6ರವರೆಗೆ 14 ಯೂನಿಟ್ ದಾಟುತ್ತದೆ. ಅದೂ ಯಾರ ಮಲಗುವ ಕೋಣೆಯ ಎದುರೋ. ಅನುಮತಿ ಪತ್ರದಲ್ಲೇ ಒಂದು ಸಾಲು, ತಪ್ಪಿದರೆ ಠೇವಣಿಯಿಂದ ಕಡಿತ. ರಾತ್ರಿ ಒಬ್ಬ ಬೈಕಿನಲ್ಲಿ ಪಂಪ್‌ವೆಲ್‌ನಿಂದ ಕೊಟ್ಟಾರದವರೆಗೆ ಹೋಗಿ ಬಂದರೆ ಒಂದು ದೊಡ್ಡ ಭಾಗದ ಪರಿಶೀಲನೆ ಮುಗಿಯಿತು.

ಬಲ್ಮಠ, ಕಂಕನಾಡಿ, ಎಂ.ಜಿ. ರಸ್ತೆಯ ದೊಡ್ಡ ಶೋರೂಮ್ ಇರುವ ಕಡೆ ಟೈಮರ್ ಶರತ್ತು, ಆಮೇಲೆ ದಂಡ, ಎರಡೂ ಬೇಕು. ಅಲ್ಲಿ ಬರೀ ಮಾತಿಗೆ ಬೆಲೆ ಇಲ್ಲ. ಮಣಿಪಾಲದಲ್ಲಿ "ಮುಚ್ಚಿದ ಒಂದು ಗಂಟೆ" ಅನ್ನುವ ನಿಯಮ ಮಾತ್ರ ನಡೆಯುತ್ತದೆ, ಗಡಿಯಾರದ್ದು ನಡೆಯುವುದಿಲ್ಲ. ರಥಬೀದಿಯಂಥ ಕಡೆ ದೇವಸ್ಥಾನ, ಮಠಗಳ ದೀಪಾಲಂಕಾರಕ್ಕೆ ಕೈ ಹಾಕಬೇಡಿ. ಅಲ್ಲಿ ಕೇಳಿಕೊಳ್ಳುವುದೇ ಸಾಕು, ಮೊದಲ ನೋಟಿಸು ಅಲ್ಲಿಗೆ ಹೋದರೆ ಇಡೀ ಯೋಜನೆ ಬೇರೆಯೇ ಗಲಾಟೆಯಾಗಿ ಮುಗಿಯುತ್ತದೆ.

ಕಡಲ ಬದಿಯ ರೆಸಾರ್ಟು, ಹೋಮ್‌ಸ್ಟೇಗಳದ್ದು ಬೇರೆ ಲೆಕ್ಕ. ಕುಂದಾಪುರ, ಬೈಂದೂರು ಕಡೆಯ ಮರಳಿನಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ. ಮರಿಗಳು ಹೊರಬಂದಾಗ ಬೆಳಕು ಎಲ್ಲಿದೆಯೋ ಅದೇ ಕಡಲು ಅಂದುಕೊಂಡು ಆ ಕಡೆ ಹೋಗುತ್ತವೆ. ಹಿಂದೆ ಫ್ಲಡ್‌ಲೈಟು ಇದ್ದರೆ ರಸ್ತೆಗೆ ಬರುತ್ತವೆ. ಇಲ್ಲಿ ಯೂನಿಟ್ ಎಷ್ಟು ಅನ್ನುವುದು ಮುಖ್ಯವೇ ಅಲ್ಲ. ಮೊಟ್ಟೆಯ ಕಾಲದಲ್ಲಿ ಕಡಲಿಗೆ ಮುಖ ಮಾಡಿದ ಲೈಟಿಗೆ ನೇರ ದಂಡ ಹಾಕಿದರೂ ನಾನು ಒಪ್ಪುತ್ತೇನೆ.

ಇನ್ನು ಬೀದಿದೀಪ. ಬೆಳಗ್ಗೆ ಒಂಬತ್ತಕ್ಕೂ ಉರಿಯುವ ಸಾಲು ದೀಪದ ಕೆಳಗೆ ನಿಂತು ಅಂಗಡಿಯವನಿಗೆ ನೋಟಿಸ್ ಕೊಟ್ಟರೆ ಅವನು ನಗುತ್ತಾನೆ, ನಗಲಿ ಬಿಡಿ, ನ್ಯಾಯವೇ. ಆ ಬಿಲ್ಲು ನಮ್ಮ ತೆರಿಗೆಯದ್ದು. ಮೊದಲು ನಿರ್ವಹಣೆಯ ಗುತ್ತಿಗೆಯಲ್ಲಿ, ಹಗಲು ಉರಿದ ದೀಪಕ್ಕೆ ಇಷ್ಟು ಕಡಿತ ಅಂತ ಬರೆಯಲಿ. ಮಳೆಗಾಲದ ಮಧ್ಯಾಹ್ನ ಮೋಡ ಕವಿದಾಗ ಸೆನ್ಸರ್ ದೀಪ ಹೊತ್ತಿಕೊಂಡರೆ ಅದನ್ನು ತಪ್ಪು ಅನ್ನಬಾರದು, ಆಗ ರಸ್ತೆಯಲ್ಲಿ ನಿಜಕ್ಕೂ ಏನೂ ಕಾಣುವುದಿಲ್ಲ. ನಡುರಾತ್ರಿ ಬೀದಿದೀಪವನ್ನು ಪೂರ್ತಿ ಆರಿಸುವುದಕ್ಕೆ ಮಾತ್ರ ನಾನು ವಿರೋಧ. ರಾತ್ರಿ ಪಾಳಿ ಮುಗಿಸಿ ಬರುವ ನರ್ಸ್‌ಗಳು, ನಸುಕಿನಲ್ಲಿ ದಕ್ಕೆಗೆ ಹೋಗುವ ಹೆಂಗಸರು ಇರುವ ಊರು ಇದು. ಮಂದ ಮಾಡಬಹುದು, ಆರಿಸಬಾರದು.

ಅಂಗಡಿ ನಿಮ್ಮದಾದರೆ

ನಿಯಮ ಬರುವ ತನಕ ಕಾಯಬೇಕಾಗಿಲ್ಲ. ಕೈಯಲ್ಲಿ ದುಡ್ಡೇ ಇಲ್ಲ ಅಂದರೆ, ಯಾವ ಎಂಸಿಬಿ ಯಾವುದಕ್ಕೆ ಅಂತ ಒಂದು ಸಂಜೆ ಒಂದೊಂದಾಗಿ ಆರಿಸಿ ನೋಡಿ, ಚೀಟಿ ಅಂಟಿಸಿ. ಬೋರ್ಡು ಬೇರೆ ಎಂಸಿಬಿಯಲ್ಲಿದ್ದರೆ ಅಲ್ಲಿಗೇ ಮುಗಿಯಿತು. ಕ್ಯಾಮೆರಾದ ಜೊತೆ ಇದ್ದರೆ ಎಲೆಕ್ಟ್ರಿಷಿಯನ್ನಿಗೆ ಅರ್ಧ ದಿನದ ಕೆಲಸ.

ಸಾವಿರ, ಎರಡು ಸಾವಿರ ಖರ್ಚು ಮಾಡಬಹುದಾದರೆ ಟೈಮರ್ ಹಾಕಿಸಿ. ಇಲ್ಲಿ ಒಂದು ಎಚ್ಚರಿಕೆ. ಮುಳ್ಳು ತಿರುಗುವ ಅಗ್ಗದ ಟೈಮರಿನಲ್ಲಿ ಬ್ಯಾಟರಿ ಇಲ್ಲದಿದ್ದರೆ ಕರೆಂಟ್ ಹೋದಷ್ಟು ಹೊತ್ತು ಅದೂ ನಿಲ್ಲುತ್ತದೆ. ನಮ್ಮ ಜೂನ್, ಜುಲೈಯಲ್ಲಿ ಗಾಳಿ ಬಂದು ಮರ ಬಿದ್ದು ದಿನಕ್ಕೆ ಎರಡು ಮೂರು ಗಂಟೆ ಕರೆಂಟ್ ಹೋದರೆ ವಾರದಲ್ಲಿ ಟೈಮರ್ ಅರ್ಧ ದಿನ ಹಿಂದೆ ಬೀಳುತ್ತದೆ. ಆಮೇಲೆ ಬೋರ್ಡು ರಾತ್ರಿ ಆರಿ ಹಗಲು ಉರಿಯುತ್ತದೆ. ಬ್ಯಾಟರಿ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಹೊರಗೆ ಇಡುವುದಾದರೆ ಮುಚ್ಚಿದ ಪೆಟ್ಟಿಗೆಯಲ್ಲಿಡಿ, ಕಡಲ ಉಪ್ಪು ಗಾಳಿಗೆ ಟರ್ಮಿನಲ್ ಬೇಗ ಹಸಿರಾಗುತ್ತದೆ.

ದೊಡ್ಡ ಬೋರ್ಡಾದರೆ ಲೋಡನ್ನು ನೇರ ಟೈಮರಿಗೆ ಕೊಡಬೇಡಿ. ನಡುವೆ ಕಾಂಟ್ಯಾಕ್ಟರ್ (ದೊಡ್ಡ ಲೋಡ್ ತಡೆಯುವ ಸ್ವಿಚ್) ಬೇಕು, ಇಲ್ಲದಿದ್ದರೆ ಎಲ್‌ಇಡಿಯ ಪವರ್ ಸಪ್ಲೈ ಆನ್ ಆಗುವ ಕ್ಷಣದಲ್ಲಿ ಎಳೆಯುವ ಕರೆಂಟಿಗೆ ಟೈಮರಿನ ಒಳಗಿನ ಸಣ್ಣ ಸ್ವಿಚ್, ಅಂದರೆ ರಿಲೇ, ಅಂಟಿಕೊಳ್ಳಬಹುದು, ಆಗ ಬೋರ್ಡು ಆರುವುದೇ ಇಲ್ಲ. ಸೂರ್ಯಾಸ್ತದ ಸಮಯವನ್ನು ತಾನೇ ಲೆಕ್ಕ ಹಾಕುವ ಟೈಮರಿಗೆ ಇನ್ನೂ ಸ್ವಲ್ಪ ಜಾಸ್ತಿ ಆಗುತ್ತದೆ. 700 ವ್ಯಾಟಿನ ಬೋರ್ಡಿಗೆ ವಯರಿಂಗ್, ಕಾಂಟ್ಯಾಕ್ಟರ್ ಎಲ್ಲ ಸೇರಿ ಐದಾರು ಸಾವಿರ ಆದರೂ ಮೇಲಿನ ಲೆಕ್ಕದಲ್ಲಿ ನಾಲ್ಕೈದು ತಿಂಗಳಲ್ಲಿ ವಾಪಸ್ ಬರುತ್ತದೆ. ಗೂಡಂಗಡಿಯ 40 ವ್ಯಾಟಿಗೆ ಇದ್ಯಾವುದೂ ಬೇಡ, ಒಂದು ಸ್ವಿಚ್ಚನ್ನು ಶಟರಿನ ಹತ್ತಿರ ತಂದರೆ ಸಾಕು.

ನೀವು ಅಂಗಡಿಯವರಲ್ಲ, ವಾರ್ಡ್ ಸಭೆಗೆ ಹೋಗುವವರು ಅಂತಾದರೆ "ದಂಡ ಬೇಕು" ಅಂತ ಕೈ ಎತ್ತುವ ಮೊದಲು ಮೂರು ಪ್ರಶ್ನೆ ಕೇಳಿ: ಎಷ್ಟು ವ್ಯಾಟಿನ ಮೇಲೆ, ಯಾರು ರಸೀದಿ ಕೊಡುತ್ತಾರೆ, ನಮ್ಮ ವಾರ್ಡಿನ ಬೀದಿದೀಪ ಹಗಲು ಉರಿದರೆ ಯಾರ ದುಡ್ಡಿನಿಂದ ಕಡಿತ. ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಕೈ ಎತ್ತಿ. ಮೊದಲನೆಯದಕ್ಕೆ ಮಾತ್ರ ಸಿಕ್ಕರೆ ಹೋರ್ಡಿಂಗಿನಿಂದ ಶುರು ಮಾಡಿ ಅನ್ನಿ. ಯಾವುದಕ್ಕೂ ಸಿಗದಿದ್ದರೆ ಈ ವರ್ಷ ಟೈಮರ್ ಶರತ್ತು ಒಂದನ್ನೇ ಕೇಳಿ, ಲೈಸೆನ್ಸ್ ನವೀಕರಣದ ಅರ್ಜಿಯಲ್ಲಿ ಒಂದು ಸಾಲು ಜಾಸ್ತಿ ಮಾಡುವುದಕ್ಕೆ ಹೊಸ ಸಿಬ್ಬಂದಿ ಬೇಡ.